ಬಲಗೈ ಬೆರಳಿನ ಮಸಿ

ಕಳೆದ ತಿಂಗಳು ಯಲ್ಲಾಪುರದಲ್ಲಿ ನಮಗೆ ಚುನಾವಣಾ ತರಬೇತಿ ಇತ್ತು. ಪ್ರೌಢಶಾಲೆಯ ದೊಡ್ಡ ಕೋಣೆ, ಕಟಕಟ ಅನ್ನುವ ಫ್ಯಾನು, ಹತ್ತು ಸಲ ಕೇಳಿ ಹಳತಾದ ಪಾಠ. ನನ್ನ ಪಕ್ಕದಲ್ಲಿ ಕೂತಿದ್ದ ಹೊಸ ಮಾಸ್ತರೊಬ್ಬರು ಕುತೂಹಲ ತಡೆಯದೆ ಮಸಿ ಬಾಟಲಿಯ ಮುಚ್ಚಳ ತಿರುವಿದರು. ಮತ ಹಾಕಿದವರ ಬೆರಳಿಗೆ ಹಚ್ಚುತ್ತಾರಲ್ಲ, ಆ ಮಸಿ. ಅದಕ್ಕೊಂದು ಖಾರದ ವಾಸನೆಯಿದೆ, ಔಷಧಿಯದ್ದೂ ಅಲ್ಲ, ಬಣ್ಣದ್ದೂ ಅಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಎದುರಿನ ಪರದೆ, ಮಾತಾಡುತ್ತಿದ್ದ ಅಧಿಕಾರಿ ಎಲ್ಲ ಮರೆಯಾಗಿ ನಾನು ಹೇರೂರಿನ ಆಚೆಯ ನನ್ನ ಹಳೆಯ ಶಾಲೆಯ ಬಾಗಿಲಲ್ಲಿ ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ಮಾಸ್ತರು ಗಾಬರಿಯಾಗಿ ಮುಚ್ಚಳ ಹಾಕಿದರು. ಮಸಿಯ ಘಾಟಿಗೇ ಬಂತೆಂದುಕೊಂಡಿರಬೇಕು, ನಾನೂ ತಿದ್ದಲು ಹೋಗಲಿಲ್ಲ.

ನಾನು ಬನವಾಸಿ ಕಡೆಯವಳು. ‘ಬರ್ರಿ, ಕುಂದರ್ರಿ’ ಎನ್ನುವ ಊರಿನಿಂದ ಸಿದ್ದಾಪುರ ತಾಲ್ಲೂಕಿಗೆ ವರ್ಗವಾಗಿ ಹೋದಾಗ ಒಂದು ವರ್ಷ ಅಲ್ಲಿನವರ ಮಾತೇ ತಲೆಗೆ ಹತ್ತಿರಲಿಲ್ಲ. ಹೆಣ್ಣು ಮಾಸ್ತರರನ್ನು ಅಲ್ಲಿ ಅಕ್ಕೋರು ಎನ್ನುತ್ತಾರೆ, ಅದು ಇಷ್ಟವಾಗಿತ್ತು. ಇಷ್ಟವಾಗದೇ ಇದ್ದದ್ದು ‘ಅಡ್ಡಿಲ್ಲೆ’, ಅಂದರೆ ಪರವಾಗಿಲ್ಲ, ಎಂಬ ಮಾತು. ಊಟ ಹೇಗಿದೆ ಎಂದರೆ ಅಡ್ಡಿಲ್ಲೆ. ಮಗು ಶಾಲೆಗೆ ಬರಲಿಲ್ಲವಲ್ಲ ಎಂದರೂ ಅಡ್ಡಿಲ್ಲೆ. ನಾಳೆ ಪ್ರಪಂಚ ಮುಳುಗುತ್ತದೆ ಎಂದರೂ ಇವರು ಅದನ್ನೇ ಹೇಳುತ್ತಾರೆ ಎಂದು ನಾನು ಬನವಾಸಿಗೆ ಹೋದಾಗಲೆಲ್ಲ ಅಣಕಿಸಿ ನಗಿಸುತ್ತಿದ್ದೆ. ನನಗೆ ಎಲ್ಲದಕ್ಕೂ ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕು. ಸ್ವಭಾವವೇ ಹಾಗೆ.

ಆ ಸ್ವಭಾವ ನೋಡಿಯೇ ಏನೋ, ನನ್ನನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದ್ದರು. ಮತಗಟ್ಟೆ ಮಟ್ಟದ ಅಧಿಕಾರಿ ಎಂದು ಹೆಸರು ದೊಡ್ಡದು, ಕೆಲಸ ಮನೆಮನೆ ತಿರುಗುವುದು. ಯಾರಿಗೆ ಹದಿನೆಂಟು ತುಂಬಿತು, ಯಾರು ಮದುವೆಯಾಗಿ ಹೋದರು, ಯಾರು ತೀರಿಕೊಂಡರು ಎಂದು ಬರೆದುಕೊಂಡು ಬರುವುದು. ನನ್ನ ಪಟ್ಟಿಯಲ್ಲಿ ಸತ್ತವರಿಲ್ಲ, ಎರಡು ಸಲ ಇದ್ದವರಿಲ್ಲ, ಇರಬಾರದವರಿಲ್ಲ ಎಂಬ ಜಂಬ ನನಗಿತ್ತು. ತಾಲ್ಲೂಕು ಕಚೇರಿಯಲ್ಲೂ ‘ಅಕ್ಕೋರ ಪಟ್ಟಿ ಅಂದ್ರೆ ಪಟ್ಟಿ’ ಎನ್ನುತ್ತಿದ್ದರು. ಹೊಗಳಿಕೆಗೆ ಉಬ್ಬಿದವಳು ನಾನು.

ಸತ್ತವರ ವಿಷಯದಲ್ಲಿ ಮಾತ್ರ ಆ ಊರಿನವರು ನನ್ನನ್ನು ಗೋಳು ಹೊಯ್ದುಕೊಂಡರು. ಅಜ್ಜ ತೀರಿಕೊಂಡಿದ್ದು ಕಣ್ಣಾರೆ ನೋಡಿ ಬಂದಿದ್ದೇನೆ, ಹೆಸರು ತೆಗೆಯುವ ಅರ್ಜಿಗೆ ಸಹಿ ಹಾಕಿ ಎಂದರೆ ಮನೆಯವರು ತಲೆ ಅಲ್ಲಾಡಿಸುತ್ತಿದ್ದರು. ‘ವರ್ಷಾಂತ ಆಗಲಿ ಅಕ್ಕೋರೆ’ ಎನ್ನುವರು. ವರ್ಷಾಂತವೆಂದರೆ ಸತ್ತು ವರ್ಷ ತುಂಬಿದಾಗ ಮಾಡುವ ಕ್ರಿಯೆ. ಅದು ಮುಗಿಯುವ ತನಕ ಹೋದವರು ಪೂರ್ತಿ ಹೋಗಿರುವುದಿಲ್ಲವಂತೆ, ಹಾಗಿರುವಾಗ ಸರ್ಕಾರದ ಪುಸ್ತಕದಿಂದ ಮಾತ್ರ ಅವಸರವಾಗಿ ಹೊಡೆದು ಹಾಕುವುದು ಸರಿಯೇ ಎಂದು ಅವರ ವಾದ. ಕಾನೂನಿನಲ್ಲಿ ಹಾಗಿಲ್ಲರೀ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ಅವರು ಬೆಲ್ಲ, ನೀರು ತಂದಿಡುತ್ತಿದ್ದರು.

ನಾನು ಹೇಳಹೊರಟಿರುವುದು ಲೋಕಸಭೆ ಚುನಾವಣೆಗೆ ಮುಂಚಿನ ಮಳೆಗಾಲದಿಂದ ಚುನಾವಣೆಯ ಬಿಸಿಲಿನವರೆಗಿನ ಸಂಗತಿ. ಆ ವರ್ಷ ಶಾಲೆ ಶುರುವಾದ ವಾರವೇ ಭಾಗೀರಥಮ್ಮನವರು ಸೊಸೆಯನ್ನು ಕರೆದುಕೊಂಡು ಶಾಲೆಗೆ ಬಂದರು. ಭಾಗೀರಥಮ್ಮನವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿ, ಎದುರು ನಿಂತವರು ಗಂಡೋ ಹೆಣ್ಣೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು, ಶಸ್ತ್ರಚಿಕಿತ್ಸೆಗೆ ಹೆದರಿ ಮುಂದೆ ಹಾಕುತ್ತಿದ್ದರು. ಬಾಯಿ ಮಾತ್ರ ಬಲು ಚುರುಕು. ಸೊಸೆಯ ಹೆಸರು ದುರ್ಗಾ. ಮಗ ಸುಬ್ರಾಯ ಹೆಗಡೆಗೆ ನಲವತ್ತರ ಹತ್ತಿರವಾದರೂ ಈ ಕಡೆ ಹೆಣ್ಣು ಸಿಕ್ಕಿರಲಿಲ್ಲ. ತೋಟದಲ್ಲಿ ದುಡಿಯುವ ಗಂಡಿಗೆ ಹೆಣ್ಣು ಕೊಡುವವರು ಕಡಿಮೆಯಾಗಿ, ಉತ್ತರದಿಂದ ಸೊಸೆ ತರುವುದು ಅಲ್ಲಿ ಹೊಸತೇನಲ್ಲ. ಮದುವೆ ಕಾಶಿಯಲ್ಲಿ, ಹುಡುಗಿಯ ಸೋದರಮಾವನ ಮನೆಯಲ್ಲಿ ಆಗಿತ್ತು. ಹಾಗಾಗಿ ಊರವರ ಬಾಯಲ್ಲಿ ಆಕೆ ಕಾಶಿ ಕಡೆಯ ಸೊಸೆ.

‘ಮನೇಲಿ ಮಾತು ಆನು ಕಲ್ಸಿದ್ದಿ ಅಕ್ಕೋರೆ, ಅಕ್ಷರ ನಿಂಗ ಕಲ್ಸಿ’ ಎಂದರು ಭಾಗೀರಥಮ್ಮ.

ಮಾತನ್ನಂತೂ ಚೆನ್ನಾಗಿಯೇ ಕಲಿಸಿದ್ದರು. ದುರ್ಗಾಗೆ ಬರುತ್ತಿದ್ದದ್ದು ಅತ್ತೆಯ ಹವ್ಯಕ ಮಾತು ಮಾತ್ರ, ನಾನು ಎನ್ನಲು ಆನು, ನಾವು ಎನ್ನಲು ಯಂಗ, ಅವಳು ಎನ್ನಲು ಅದು. ಬೇರೆ ಕನ್ನಡವೊಂದಿದೆ ಎಂದೇ ಅವಳಿಗೆ ತಿಳಿಯದು. ಬಸ್ಸಿನ ಕಂಡಕ್ಟರಿಗೂ ಅಂಗಡಿಯವನಿಗೂ ನನಗೂ ಅದೇ ಮಾತು. ಸಂಜೆ ನಾಲ್ಕಕ್ಕೆ ಮಕ್ಕಳು ಹೋದ ಮೇಲೆ ಬಂದು ಒಂದನೇ ಇಯತ್ತೆಯ ಕುಳ್ಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂರುತ್ತಿದ್ದಳು. ಕೈ ಬಹಳ ಚೊಕ್ಕ. ಒಂದೇ ಒಂದು ಅಭ್ಯಾಸ ಬಿಡಿಸಲಾಗಲಿಲ್ಲ. ಹಿಂದಿಯಲ್ಲಿ ಬರೆಯುವಂತೆ, ಕನ್ನಡದ ಪದ ಬರೆದರೂ ಅದರ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ ಒಂದು ಗೀಟು ಎಳೆದು ಮುಗಿಸುತ್ತಿದ್ದಳು. ಬ್ಯಾಡವಾ, ನಮ್ಮ ಅಕ್ಷರಕ್ಕ ಗೀಟು ಬೇಕಿಲ್ಲ ಎಂದರೆ, ‘ಮಾಡು ಇಲ್ದೇ ಮನೆ ಬಿಟ್ಟಾಂಗೆ ಕಾಣ್ತು ಅಕ್ಕೋರೆ’ ಎನ್ನುವಳು, ಮಾಡೆಂದರೆ ಸೂರು. ನಾನು ನಕ್ಕುಬಿಡುತ್ತಿದ್ದೆ. ಶಾಲೆಯ ಕೋಣೆಯಲ್ಲಿ ಆ ಅರ್ಧ ಗಂಟೆ ನನಗೆ ಇಡೀ ದಿನದ ಹಿತವಾದ ಹೊತ್ತು.

ಶ್ರಾವಣದಲ್ಲಿ ಪಟ್ಟಿಯ ಕೆಲಸಕ್ಕೆ ಅವರ ಮನೆಗೆ ಹೋದೆ. ಅತ್ತೆಯೇ ಮಾತು ತೆಗೆದರು. ‘ಸೊಸೆ ಬಂದು ಮೂರು ವರ್ಷ ಆತು. ಅದ್ರ ಹೆಸ್ರು ಪಟ್ಟೀಲಿ ಹಾಕಿ. ಓಟಿನ ದಿನ ಯಂಗ ಎಲ್ಲ ಹೋಪುದು, ಅದೊಂದೇ ಮನೇಲಿ ಕೂರವಾ?’

ಹೊಸ ಹೆಸರು ಸೇರಿಸುವ ಅರ್ಜಿ ತೆಗೆದೆ. ಆಧಾರ್ ಇತ್ತು, ಪಡಿತರ ಚೀಟಿಯಲ್ಲಿ ಹೆಸರಿತ್ತು, ಮದುವೆಯ ಕಾಗದವಿತ್ತು. ಆಧಾರ್ ಅನ್ನುವುದು ವಾಸಕ್ಕೆ ಪುರಾವೆ, ಪೌರತ್ವಕ್ಕಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರಂತೆ, ನಾನು ಆಗ ಚಹಾ ಕುಡಿಯಲು ಹೋಗಿದ್ದೆ. ಕೊನೆಯಲ್ಲಿ ಘೋಷಣೆ. ‘ನಾನು ಭಾರತದ ಪ್ರಜೆ, ನಾನು ಹುಟ್ಟಿದ ಊರು’ ಎಂದಿದ್ದು ಅದರ ಮುಂದೆ ಖಾಲಿ ಜಾಗ. ದುರ್ಗಾ ಒಳಗೆ ಒಲೆ ಮುಂದಿದ್ದಳು. ‘ಹುಟ್ಟಿದ ಊರು ಯಾವ್ದು ಬರೀಲಿ ಅಮ್ಮ?’ ಎಂದೆ.

ಭಾಗೀರಥಮ್ಮ ಸ್ವಲ್ಪವೂ ತಡವರಿಸದೆ ತಮ್ಮ ಊರಿನ ಹೆಸರನ್ನೇ ಹೇಳಿದರು. ನಾನು ತಲೆಯೆತ್ತಿ ನೋಡಿದೆ.

‘ಎಂತ ನೋಡ್ತ್ರಿ? ಧಾರೆ ಎರೆದಲ್ಲಿಗೆ ಹಳೇದೆಲ್ಲ ಮುಗತ್ತು. ಗೋತ್ರ ಯಂಗಳದ್ದು, ಹೊಸ ಜನ್ಮ. ಹುಟ್ಟಿದ್ದು ಇದೇ ಮನೇಲಿ ಹೇಳಿ ಬರ್ಕಳಿ.’

ನಾನು ನಕ್ಕೆ. ಹೊರಗೆ ಕತ್ತಲುಗಟ್ಟಿಕೊಂಡು ಬರುತ್ತಿತ್ತು, ಇನ್ನೂ ಆರು ಮನೆ ಬಾಕಿ, ಫೋನಿನಲ್ಲಿ ಸಿಗ್ನಲ್ಲು ಒಂದು ಗೆರೆ. ಕಾಶಿಯಾದರೇನು, ಇಲ್ಲಾದರೇನು, ದೇಶ ಒಂದೇ ಅಲ್ಲವೇ ಎಂದುಕೊಂಡು ಅವರು ಹೇಳಿದ್ದನ್ನೇ ಬರೆದೆ. ಪಟ್ಟಿ ಅಂದ್ರೆ ಪಟ್ಟಿ ಎನಿಸಿಕೊಂಡವಳು ಬರೆದೆ. ದುರ್ಗಾ ಸೆರಗಿಗೆ ಕೈ ಒರೆಸಿಕೊಂಡು ಬಂದು, ನಾನು ಬೆರಳಿಟ್ಟು ತೋರಿಸಿದಲ್ಲಿ, ಜೀವನದ ಮೊದಲ ಕನ್ನಡ ಸಹಿ ಹಾಕಿದಳು. ಮೇಲೆ ಗೀಟು ಸಮೇತ.

ದೀಪಾವಳಿಯ ಹೊತ್ತಿಗೆ ಅಂಚೆಯಲ್ಲಿ ಗುರುತಿನ ಚೀಟಿ ಬಂತು. ಭಾಗೀರಥಮ್ಮ ಅದಕ್ಕೆ ಕುಂಕುಮ ಹಚ್ಚಿ ದೇವರ ಪೆಟ್ಟಿಗೆಯಲ್ಲಿಟ್ಟರು. ದುರ್ಗಾ ಮರುದಿನವೇ ಅದನ್ನು ಬೇಡಿ ಹೊರತೆಗೆಸಿಕೊಂಡು ಶಾಲೆಗೆ ತಂದು ತೋರಿಸಿದಳು. ಫೋಟೋದಲ್ಲಿ ಕಳ್ಳನ ಹಾಂಗೆ ಕಾಣ್ತೆ ಎಂದು ನಕ್ಕಳು. ಎಲ್ಲರೂ ಆ ಫೋಟೋದಲ್ಲಿ ಹಾಗೇ ಕಾಣುತ್ತಾರೆ, ನನ್ನದು ನೋಡು ಎಂದು ನನ್ನದನ್ನೂ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಈಗಲೂ ಕಿವಿಯಲ್ಲಿದೆ.

ಚಳಿ ಬಿದ್ದಿತ್ತು. ಒಂದು ಸಂಜೆ ಓದುವ ಅಭ್ಯಾಸಕ್ಕೆಂದು ಅವಳನ್ನು ಗೋಡೆಯ ನಕಾಶೆಯ ಮುಂದೆ ನಿಲ್ಲಿಸಿದೆ. ಭಾರತದ ನಕಾಶೆ. ರಾಜ್ಯಕ್ಕೊಂದು ಬಣ್ಣ. ಸುತ್ತಲಿನ ದೇಶಗಳಿಗೆ ಬಣ್ಣವೇ ಇಲ್ಲ, ಬರೀ ಬಿಳಿ. ಕರ್ನಾಟಕ, ಮಹಾರಾಷ್ಟ್ರ ಎಂದು ಒಂದೊಂದಾಗಿ ಓದಿಸಿ, ಕೊನೆಗೆ ಸುಮ್ಮನೆ, ‘ನಿನ್ನ ತವರು ಎಲ್ಲೈತಿ ತೋರಿಸು ನೋಡೋಣ’ ಎಂದೆ.

ಅವಳ ಬೆರಳು ನಮ್ಮ ಕರಾವಳಿಯ ಪಕ್ಕದಿಂದ ಹೊರಟು ನಿಧಾನಕ್ಕೆ ಮೇಲೆ ಹೋಯಿತು. ಕಾಶಿಯ ಹತ್ತಿರ ನಿಂತಿತು. ‘ಇಲ್ಲಿ ಮಾವನ ಮನೆ’ ಎಂದಳು. ಬೆರಳು ಮತ್ತೆ ಚಲಿಸಿತು. ಬಣ್ಣ ಮುಗಿಯಿತು, ಗಡಿಯ ದಪ್ಪ ಗೆರೆ ದಾಟಿತು, ಬಿಳಿಯ ಮೇಲೆ ಹೋಗಿ ನಿಂತಿತು. ‘ಆಯಿ ಇಪ್ಪುದು ಇಲ್ಲಿ. ಆನು ಹುಟ್ಟಿದ್ದೂ ಇಲ್ಲೇ. ಬಣ್ಣ ಇಲ್ದೇ ಇದ್ದಲ್ಲಿ.’

‘ಅದು ನೇಪಾಳ ಅಲ್ಲೇನ?’

‘ಹೌದು.’

‘ಮತ್ತ ಯಾಕ ಹೇಳಲಿಲ್ಲವಾ ನೀನು?’

ಅವಳು ನನ್ನ ಮುಖ ನೋಡಿದಳು. ತಾನೇನೋ ತಪ್ಪು ಮಾಡಿದ್ದೇನೆ ಎಂದು ಗೊತ್ತಾಗಿ, ಏನೆಂದು ಗೊತ್ತಾಗದ ಮುಖ. ‘ನಿಂಗ ಕೇಳಿದ್ದು ಅತ್ತೆ ಹತ್ರ ಅಲ್ದಾ ಅಕ್ಕೋರೆ? ಯನ್ನತ್ರ ಕೇಳಿದ್ರೆ ಹೇಳ್ತಿದ್ದೆ.’

ಅದು ನಿಜ. ಅವಳನ್ನು ನಾನು ಕೇಳಿರಲೇ ಇಲ್ಲ. ಅವತ್ತು ಮುಂದೆ ಪಾಠ ಮಾಡಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರಾದ ನಾಯ್ಕ ಮಾಸ್ತರಿಗೆ ಹೇಳಿದೆ. ಆ ಊರಿನವರೇ, ಲೋಕ ಕಂಡವರು. ಪೂರ್ತಿ ಕೇಳಿ, ‘ಇಷ್ಟಕ್ಕೆಲ್ಲ ತಲೆ ಕೆಡಿಸ್ಕಂತ್ರಲ್ಲ ಅಕ್ಕೋರೆ’ ಎಂದರು. ‘ಊರಲ್ಲಿ ಹತ್ತು ವರ್ಷದಿಂದ ಕಾಲಿಡದವ್ರು ಓಟಿನ ದಿನ ಕಾರಲ್ಲಿ ಬಂದು ಒತ್ತಿ ಹೋಗ್ತ್ರು. ಈ ಕೆರೆ ಯಾವ್ದು, ಆ ರಸ್ತೆ ಎಲ್ಲಿ ಹೋತದೆ ಅವರಿಗೆ ಗೊತ್ತಿಲ್ಲ. ಆ ಹುಡ್ಗಿಗೆ ಊರಿನ ನಾಯಿ ಹೆಸ್ರು ಸೈತ ಗೊತ್ತು. ಯಾರಿಗೆ ಇರಬೇಕು ಓಟು, ನೀವೇ ಹೇಳಿ.’

ದೇಶವೆಂದ ಮೇಲೆ ಎಲ್ಲೋ ಒಂದು ಕಡೆ ಗೆರೆ ಇರಬೇಕು, ಗೆರೆ ಇದ್ದ ಮೇಲೆ ಯಾರೋ ಆಚೆ ಇರುತ್ತಾರೆ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಆ ಗೆರೆಯ ಆಚೆ ನಿಂತವಳಿಗೆ ನಾನೇ ಅ ಆ ಇ ಈ ತಿದ್ದಿಸಿದ್ದೆ. ಅದು ಬೇರೆ ಸಂಕಟ.

‘ಮತ್ತೆಂತ, ಏಳು ವರ್ಷ ಇಲ್ಲೇ ಇದ್ರೆ ಗಂಡನ ಕಡೆಯಿಂದ ಪೌರತ್ವಕ್ಕೆ ಅರ್ಜಿ ಹಾಕ್ಲಕ್ಕು’ ಎಂದರು ಮಾಸ್ತರು. ‘ಇನ್ನು ನಾಕು ವರ್ಷ. ಸುಮ್ನೆ ಇದ್ದುಬಿಡಿ, ತಾನೇ ಸರಿ ಆತದೆ.’

ಆ ಮಾತೇ ನನ್ನನ್ನು ಎಬ್ಬಿಸಿ ಕೂರಿಸಿತು. ನಾಲ್ಕು ವರ್ಷದ ಮೇಲೆ ಅರ್ಜಿ ಹಾಕುತ್ತಾಳೆ. ಆಗ ಹಳೆಯ ಕಾಗದವನ್ನೆಲ್ಲ ಕೆದಕುತ್ತಾರೆ. ‘ನಾನು ಭಾರತದ ಪ್ರಜೆ, ಇದೇ ಊರಲ್ಲಿ ಹುಟ್ಟಿದವಳು’ ಎಂಬ ಸುಳ್ಳಿನ ಕೆಳಗೆ ಅವಳ ಸಹಿ ಸಿಗುತ್ತದೆ. ಮತ ಹಾಕಿದ ಗುರುತೂ ಸಿಗುತ್ತದೆ. ‘ಸುಳ್ಳು ಬರದವ್ಳಿಗೆ ಪೌರತ್ವ ಕೊಡ್ತಾರೇನ್ರಿ ಮಾಸ್ತರ?’ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಬರೆದವಳು ನಾನು, ಸಹಿ ಅವಳದು. ಒಂದು ಮತದ ಆಸೆಗೆ ಅವಳ ಮುಂದಿನ ಬದುಕನ್ನೇ ನಾನು ಕೆಡಿಸಿ ಇಟ್ಟಿದ್ದೆ.

ಆದರೂ ಎಂಟು ದಿನ ಸುಮ್ಮನಿದ್ದೆ. ಒಪ್ಪಿಕೊಳ್ಳುತ್ತೇನೆ. ನೌಕರಿಗೆ ಏನಾಗುತ್ತದೋ ಎಂಬ ಹೆದರಿಕೆ ಒಂದು, ಭಾಗೀರಥಮ್ಮನ ಹೆದರಿಕೆ ಇನ್ನೊಂದು. ಎರಡನೆಯದೇ ದೊಡ್ಡದಿತ್ತು. ಒಂಬತ್ತನೆಯ ದಿನ ಹೆಸರು ತೆಗೆಯುವ ಅರ್ಜಿ ಹಿಡಿದುಕೊಂಡು ಹೋದೆ.

ಅವರು ಜಗಲಿಯಲ್ಲಿ ಕೂತು ಕವಳಕ್ಕೆ ವೀಳ್ಯದೆಲೆ ಒರೆಸುತ್ತಿದ್ದರು. ನಾನು ಹೇಳಿದ್ದನ್ನು ಮೊದಲಿಗೆ ತಮಾಷೆ ಎಂದುಕೊಂಡರು. ಆಮೇಲೆ ಎಲೆ ಬದಿಗಿಟ್ಟರು.

‘ಸತ್ತವ್ರ ಹೆಸ್ರನ್ನೇ ವರ್ಷಾಂತ ಆಗ್ದೇ ತೆಗೀತ್ವಿಲ್ಲೆ ಯಂಗ. ನಿಂಗ ಬದುಕಿದ್ದವ್ರ ಹೆಸ್ರು ತೆಗೀಲೆ ಬಂದ್ರ? ಹಾಕಿದ್ದೂ ನಿಂಗವೇ ಅಲ್ದಾ?’

‘ತಪ್ಪು ನಂದ ಅಮ್ಮ. ಸಿಟ್ಟಾಗಬ್ಯಾಡ್ರಿ. ಅಕಿ ಹುಟ್ಟಿದ್ದು ಬ್ಯಾರೆ ದೇಶ.’

‘ಯಾವ್ದು ಬೇರೆ ದೇಶ? ಪಶುಪತಿನಾಥ ಇಪ್ಪುದು ಪರದೇಶವಾ? ಅಲ್ಲಿ ಪೂಜೆಗೆ ನಮ್ಮ ಕಡೆ ಭಟ್ರು ಹೋಗ್ತ್ರಿಲ್ಯಾ? ನಮ್ಮ ಭಟ್ರು ಅಲ್ಲಿ ಹೋಗಿ ದೇವ್ರನ್ನ ಮುಟ್ಲಕ್ಕು, ಅಲ್ಲಿ ಕೂಸು ಇಲ್ಲಿ ಬಂದು ಒಂದು ಗುಂಡಿ ಒತ್ಲಾಗ್ದಾ? ಗೋತ್ರ ಬದ್ಲಾಪುದು ಒಂದೇ ದಿನಕ್ಕೆ, ದೇಶ ಬದ್ಲಾಪಲೆ ಏಳು ವರ್ಷವಾ?’

ಸುಬ್ರಾಯ ಹೆಗಡೆ ಕಂಬಕ್ಕೆ ಒರಗಿ ನಿಂತು ದೇಶದ ರಾಜಕೀಯವನ್ನೆಲ್ಲ ಬೈದರು. ಅವರ ಪಕ್ಷ ಯಾವುದೆಂದು ಊರಿಗೆಲ್ಲ ಗೊತ್ತಿತ್ತು, ಬೆಳಗಿನ ಚಹಾದಿಂದ ಸಂಜೆಯ ಚಹಾದ ತನಕ ಅದೇ ಮಾತು. ಆ ಗದ್ದಲದ ನಡುವೆ ದುರ್ಗಾ ಒಳಗೆ ಹೋದದ್ದು ಯಾರಿಗೂ ಕಾಣಲಿಲ್ಲ. ದೇವರ ಪೆಟ್ಟಿಗೆಯಿಂದ ಚೀಟಿ ತಂದಳು. ಕುಂಕುಮವನ್ನು ಸೆರಗಿನಿಂದ ಒರೆಸಿ, ನನ್ನ ಕೈಯಲ್ಲಿಟ್ಟಳು.

‘ಆನು ಸುಳ್ಳಿಗೆ ಸಹಿ ಹಾಕಿದ್ದಿ ಹೇಳಿ ಯಂಗೆ ಗೊತ್ತಿತ್ತಿಲ್ಲೆ’ ಎಂದಳು. ‘ಓದಲೆ ಬತ್ತಿತ್ತಿಲ್ಲೆ ಅಲ್ದಾ ಆಗ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಿದ್ದಾಪುರದ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆಯಿತ್ತು. ವಿಚಾರಣೆಗೆ ಕೂತ ಅಧಿಕಾರಿ ಮಂಡ್ಯ ಕಡೆಯವರು, ಬಂದು ಎರಡು ತಿಂಗಳಾಗಿತ್ತು. ತಪ್ಪು ನನ್ನದು, ಆಕೆಯನ್ನು ಕೇಳದೆ ಬರೆದೆ ಎಂದು ಒಂದು ಪುಟ ಬರೆದುಕೊಟ್ಟಿದ್ದೆ. ಓದಿ ಮೇಜಿನ ಮೇಲಿಟ್ಟು ದುರ್ಗಾಳ ಕಡೆ ತಿರುಗಿದರು. ‘ನೀವು ಯಾವ ದೇಶದವರಮ್ಮ?’

‘ಹುಟ್ಟಿದ್ದು ನೇಪಾಳ. ಈಗ ಇಪ್ಪುದು ಇಲ್ಲೇಯ. ಇನ್ನು ಹೋಪುದೂ ಇಲ್ಲೆ.’

ಅಧಿಕಾರಿ ನನ್ನತ್ತ ನೋಡಿದರು. ‘ಏನಂತಾರೆ ಇವ್ರು?’ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದೆ. ಹೀಗೆ ಅರ್ಧ ಗಂಟೆ ನಡೆಯಿತು. ಅವರ ಪ್ರಶ್ನೆ ಅವಳಿಗೆ ತಿಳಿಯುತ್ತಿತ್ತು, ಅವಳ ಉತ್ತರ ಅವರಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಅವರಿಗೇ ನಗು ಬಂತು. ‘ನಾನೂ ಕನ್ನಡದವನೇ, ನಂಗೇ ಅರ್ಥ ಆಗ್ತಿಲ್ಲ, ಇವ್ರನ್ನ ಪರದೇಶದವರು ಅಂತ ಬರೀಬೇಕು ನೋಡಿ’ ಎಂದರು. ಆಮೇಲೆ ಗಂಭೀರವಾಗಿ, ತಪ್ಪನ್ನು ತಾವಾಗಿಯೇ ಬಂದು ಹೇಳಿದ್ದು ಕಡತದಲ್ಲಿ ಬರೆಯುತ್ತೇನೆ, ಮುಂದೆ ಅರ್ಜಿ ಹಾಕುವಾಗ ಇದೇ ನಿಮ್ಮನ್ನು ಕಾಯುತ್ತದೆ ಎಂದರು. ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಅಷ್ಟಕ್ಕೇ ಬಿಟ್ಟರಲ್ಲ ಎಂದು ಕೈಮುಗಿದೆ.

ಹೊರಡುವಾಗ ದುರ್ಗಾ ಬಾಗಿಲಲ್ಲಿ ನಿಂತು ತಿರುಗಿದಳು. ‘ಅಲ್ಲಿವರೆಗೆ ಆನು ಎಲ್ಲಿದು?’

ಅದನ್ನು ಅನುವಾದಿಸಬೇಕಾಗಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತ, ‘ಅಲ್ಲಿವರೆಗೆ ನಿಮ್ಮ ಅತ್ತೆ ಮನೆಯವರು ಅಲ್ವೇನಮ್ಮ’ ಎಂದರು. ಒಳ್ಳೆಯ ಮನುಷ್ಯ. ಅದಕ್ಕಿಂತ ಹೆಚ್ಚು ಹೇಳಲು ಅವರ ಹತ್ತಿರವೂ ಏನಿತ್ತು?

ಆಮೇಲೆ ಅವಳು ಶಾಲೆಗೆ ಬರುವುದು ನಿಲ್ಲಿಸಿದಳು. ನಾಲ್ಕು ಗಂಟೆಗೆ ಮಕ್ಕಳೆಲ್ಲ ಹೋದ ಮೇಲೆ ಆ ಕುಳ್ಳ ಬೆಂಚನ್ನು ನೋಡಿಕೊಂಡು ನಾನು ಕೂತಿರುತ್ತಿದ್ದೆ. ಪಾಠ ಅರ್ಧದಲ್ಲಿತ್ತು. ಒತ್ತಕ್ಷರ ಬಾಕಿ ಇತ್ತು. ಬಿಸಿಲು ಏರಿತು, ಬಾವಿಗಳು ಕೆಳಗಿಳಿದವು, ಚುನಾವಣೆಯ ಜೀಪುಗಳು ಧೂಳೆಬ್ಬಿಸಿಕೊಂಡು ತಿರುಗತೊಡಗಿದವು. ದಾರಿಯಲ್ಲಿ ಸಿಕ್ಕರೆ ದುರ್ಗಾ ನಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ನನ್ನ ಪಟ್ಟಿ ಈಗ ಮತ್ತೆ ಸರಿಯಾಗಿತ್ತು. ಆ ಸರಿಯಾದ ಪಟ್ಟಿಯನ್ನು ನೋಡಿದರೆ ಮನಸ್ಸು ಕಹಿಯಾಗುತ್ತಿತ್ತು.

ಮತದಾನಕ್ಕೆ ಐದು ದಿನ ಮೊದಲು ಮನೆಮನೆಗೆ ಮತದಾರರ ಚೀಟಿ ಹಂಚುವ ಕೆಲಸ. ದುರ್ಗಾಳ ಮನೆಯ ಮೆಟ್ಟಿಲನ್ನೂ ಹತ್ತಬೇಕಾಯಿತು. ಭಾಗೀರಥಮ್ಮ ಚೀಟಿಗಳನ್ನು ಬೆರಳಲ್ಲಿ ಸವರಿ ನೋಡಿದರು. ‘ಎರಡೇಯಾ’ ಎಂದರು. ನಾನು ಹೌದೆಂದೆ. ಚೀಟಿಗಳನ್ನು ಮಡಿಸುತ್ತ ಕೇಳಿದರು, ‘ಕಣ್ಣು ಕಾಣ್ದೇ ಇದ್ದವ್ರ ಸಂತಿಗೆ ಒಬ್ರು ಬಪ್ಪಲಕ್ಕಲ್ದಾ? ಮಗನೇ ಆಗವು ಹೇಳಿ ಇದ್ದಾ?’

‘ಹಂಗೇನಿಲ್ರಿ. ಹದಿನೆಂಟು ತುಂಬಿದವ್ರು ಯಾರಾದ್ರೂ ಜೋಡಿ ಬರಬಹುದು. ಒಬ್ರು ಒಬ್ರಿಗೆ ಮಾತ್ರ.’

‘ಬೇರೆ ಎಂತೂ ಕೇಳ್ತ್ವಿಲ್ಲೆ ಅಲ್ದಾ?’

‘ಗುಟ್ಟು ಬಿಟ್ಟುಕೊಡೂದಿಲ್ಲ ಅಂತ ಒಂದು ಕಾಗದಕ್ಕ ಸಹಿ ಮಾಡಬೇಕು, ಅಷ್ಟ.’

‘ಅಡ್ಡಿಲ್ಲೆ’ ಎಂದರು ಅವರು. ಆ ದಿನ ಕುಡಿಯಲು ಎಂತ ಬೇಕೆಂದು ಕೇಳಲಿಲ್ಲ. ನಾನು ಮುಂದಿನ ಮನೆಗೆ ಹೋದೆ.

ಮತಗಟ್ಟೆ ನಮ್ಮ ಶಾಲೆಯೇ. ಒಂದನೇ ಇಯತ್ತೆಯ ಕೋಣೆ. ಕುಳ್ಳ ಬೆಂಚುಗಳನ್ನು ಹೊರಗೆ ಹಾಕಿ, ನಕಾಶೆಗೆ ಹಳೆಯ ಸೀರೆ ಮುಚ್ಚಿದ್ದೆವು. ಪಟ್ಟಿ ಹಿಡಿದುಕೊಂಡು ನಾನು ಬಾಗಿಲ ಹೊರಗೆ ಮೇಜು ಹಾಕಿಕೊಂಡು ಕೂತಿದ್ದೆ. ಬೆಳಗ್ಗೆ ಹತ್ತರ ಸುಮಾರಿಗೆ ಭಾಗೀರಥಮ್ಮ ಬಂದರು. ಒಳ್ಳೆಯ ಸೀರೆ, ಬಾಚಿ ಕಟ್ಟಿದ ತುರುಬು. ಒಂದು ಕೈ ದುರ್ಗಾಳ ಹೆಗಲ ಮೇಲೆ. ಹಿಂದೆ ಸುಬ್ರಾಯ ಹೆಗಡೆ.

ಬಾಗಿಲ ಹತ್ತಿರ ಮಗ ರೂಢಿಯಂತೆ ಅಮ್ಮನ ಕೈ ಹಿಡಿಯಲು ಬಂದರು. ಭಾಗೀರಥಮ್ಮ ಕೈ ಕೊಡವಿದರು. ‘ನೀ ಬೇಡ. ಸೊಸೆ ಬತ್ತು.’

‘ಅದ್ರ ಹೆಸ್ರೇ ಇಲ್ಯಲೇ ಆ‌ಯಿ.’

‘ಹೆಸ್ರು ಯನ್ನದಿದ್ದು. ಕಣ್ಣು ಅದ್ರದ್ದು. ಕೇಳು ಬೇಕಾರೆ ಅಕ್ಕೋರ ಹತ್ರ.’

ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಒಳಗಿನ ಮತಗಟ್ಟೆ ಅಧಿಕಾರಿ ಶಿರಸಿಯ ಕಾಲೇಜಿನ ಅಧ್ಯಾಪಕರು, ನನ್ನಂಥವರೇ, ಪುಸ್ತಕ ಬಿಟ್ಟು ಅಲ್ಲಾಡುವವರಲ್ಲ. ಕೈಪಿಡಿ ತೆಗೆದು ಬೆರಳಿಟ್ಟು ಓದಿದರು. ಹದಿನೆಂಟು ತುಂಬಿರಬೇಕು ಎಂದಿದೆ, ಮತದಾರರಾಗಿರಬೇಕು ಎಂದು ಎಲ್ಲೂ ಇಲ್ಲ. ಎರಡು ಸಲ ಓದಿ, ‘ಬನ್ನಿ’ ಎಂದರು. ಕಾಗದ ಮುಂದಿಟ್ಟು, ನಾನು ಇವತ್ತು ಬೇರೆ ಯಾರಿಗೂ ಸಂಗಾತಿಯಾಗಿ ಬಂದಿಲ್ಲ, ಈ ಮತವನ್ನು ಗುಟ್ಟಾಗಿಡುತ್ತೇನೆ ಎಂದು ಬರೆದಿದ್ದನ್ನು ಓದಿ ಹೇಳಲು ಹೊರಟರು. ದುರ್ಗಾ ತಡೆದಳು. ‘ಆನೇ ಓದ್ತೆ.’

ಓದಿದಳು. ಬೆರಳಿಟ್ಟುಕೊಂಡು, ಪದ ಪದ ಬಿಡಿಸಿ, ಗಟ್ಟಿಯಾಗಿ. ಒತ್ತಕ್ಷರ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮುಂದೆ. ನಾನು ಕಲಿಸದ ಒತ್ತಕ್ಷರ. ಮನೆಯಲ್ಲೇ ಕೂತು ಕಲಿತಿದ್ದಳು. ಹಿಂದಿನವರು ಗೊಣಗಲಿಲ್ಲ, ಇಡೀ ಸಾಲು ಕೇಳುತ್ತ ನಿಂತಿತ್ತು. ಪೂರ್ತಿ ಓದಿದ ಮೇಲೆ ಸಹಿ ಹಾಕಿದಳು. ಬಾಗಿಲಿನಿಂದ ನನಗೆ ಅಕ್ಷರ ಕಾಣುತ್ತಿರಲಿಲ್ಲ, ಕೊನೆಯಲ್ಲಿ ಕೈ ಎಡದಿಂದ ಬಲಕ್ಕೆ ಸರಿದದ್ದು ಕಂಡಿತು.

ಅತ್ತೆ ಸೊಸೆ ಇಬ್ಬರೂ ರಟ್ಟಿನ ಮರೆಯ ಹಿಂದೆ ಹೋದರು. ಬಹಳ ಹೊತ್ತಾಯಿತು. ಆಮೇಲೆ ಯಂತ್ರ ಕೂಗಿತು.

ಮತ ಹಾಕಿದವರಿಗೆ ಮಸಿ ಎಡಗೈ ತೋರುಬೆರಳಿಗೆ. ಸಂಗಾತಿಯಾಗಿ ಬಂದವರಿಗೂ ಹಚ್ಚುತ್ತಾರೆ, ಇನ್ನೊಬ್ಬರ ಜೊತೆ ಮತ್ತೆ ಬರಬಾರದೆಂದು. ಅದು ಬಲಗೈಗೆ. ದುರ್ಗಾಗೆ ಅದು ಗೊತ್ತಿರಲಿಲ್ಲ. ಕೈ ಚಾಚಿ ಎಂದಾಗ ಬೆಚ್ಚಿದಳು. ಹೊರಗೆ ಬರುವಾಗ ಬಲಗೈಯ ತೋರುಬೆರಳನ್ನು ಎತ್ತಿ ಹಿಡಿದುಕೊಂಡೇ ಬಂದಳು, ಒದ್ದೆ ಬಣ್ಣ ಎಲ್ಲಿಗಾದರೂ ತಾಗಿಬಿಡುತ್ತದೋ ಎಂಬ ಹಾಗೆ. ನನ್ನ ಮೇಜಿನ ಮುಂದೆ ಬಂದು ನಿಂತು ತೋರಿಸಿದಳು. ಆ ಮಸಿಯ ವಾಸನೆ. ತಿಂಗಳುಗಳ ಮೇಲೆ ಅವಳು ನನ್ನೆದುರು ನಿಂತದ್ದು ಅವತ್ತೇ. ‘ಒತ್ತಕ್ಷರ ಸರಿ ಓದಿದ್ನಾ ಅಕ್ಕೋರೆ?’ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಸುಬ್ರಾಯ ಹೆಗಡೆ ತಮ್ಮ ಮತ ಹಾಕಿ ಬಂದು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. ‘ಆಯಿ ಯಾವ್ದಕ್ಕೆ ಹಾಕ್ಸಿತು?’

‘ಹೇಳ್ಲಾಗ. ಸಹಿ ಹಾಕಿದ್ದಿ.’

‘ಯಂಗೂ ಹೇಳ್ಲಾಗ್ದಾ?’

‘ಯಾರಿಗೂ ಹೇಳ್ಲಾಗ.’

ಭಾಗೀರಥಮ್ಮ ನಕ್ಕರು. ನನ್ನ ಮೇಜನ್ನು ಕೈಯಿಂದ ಹುಡುಕಿ ಹಿಡಿದು ಬಗ್ಗಿ ಹೇಳಿದರು: ‘ಇಂವ ಹತ್ತು ವರ್ಷ ಯನ್ನ ಕರ್ಕಬಂದ ಅಕ್ಕೋರೆ. ಯಾವ್ದಕ್ಕೆ ಹಾಕವು ಹೇಳಿ ಆನು ಬಾಯಿ ತೆಗ್ಯೂದ್ರೊಳ್ಗೆ ಆ ಮಿಷನ್ನು ಕುಂಯ್ ಅಂದು ಆಗಿರ್ತಿತ್ತು. ಸೊಸೆ ಒಂದೊಂದೇ ಹೆಸ್ರು ಓದಿ ಹೇಳ್ತು. ಆನು ಹೇಳಿದ ಮೇಲೂ, ಹೌದಾ ಅತ್ತೆ ಹೇಳಿ ಮತ್ತೊಂದು ಸಲ ಕೇಳ್ತು. ಯನ್ನ ಓಟು ಈ ಸಲ ಯನ್ನದಾತು.’ ಮಗ ತಲೆ ತುರಿಸಿಕೊಂಡು ದೂರ ಹೋದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು, ನಾಯ್ಕ ಮಾಸ್ತರೂ ನಕ್ಕರು.

ಮರುದಿನದಿಂದ ದುರ್ಗಾ ಮತ್ತೆ ಶಾಲೆಗೆ ಬಂದಳು. ರಜೆಯಾದರೂ ನಾನು ಬಾಗಿಲು ತೆಗೆದು ಕೂರುತ್ತಿದ್ದೆ. ಎಲ್ಲರ ಬೆರಳಿನ ಮಸಿ ಮಾಸಿತು. ಅವಳದ್ದೂ ಉಗುರಿನ ಜೊತೆ ಬೆಳೆದು, ತುದಿಗೆ ಬಂದು, ಒಂದು ದಿನ ಹೋಯಿತು. ಎರಡು ವರ್ಷದ ಮೇಲೆ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು.

ತರಬೇತಿಯ ಆ ಸಂಜೆ ಮನಸ್ಸು ತಡೆಯದೆ ಅವಳಿಗೆ ಫೋನ್ ಮಾಡಿದೆ. ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ, ನೇಪಾಳದ್ದನ್ನು ಬಿಟ್ಟು ಕೊಟ್ಟಿದ್ದಾಳೆ ಎಂದು ಕೇಳಿದ್ದೆ. ಅತ್ತೆ ಹೋದ ಶ್ರಾವಣದಲ್ಲಿ ತೀರಿಕೊಂಡರೆಂಬುದೂ ಗೊತ್ತಿತ್ತು. ನನ್ನ ದನಿ ಕೇಳಿದ್ದೇ, ‘ಪತ್ರ ಬಂತು ಅಕ್ಕೋರೆ! ಆನು ಈಗ ಇಲ್ಲಿದೇ!’ ಎಂದಳು. ವಿಚಾರಣೆಯಲ್ಲಿ ಆ ಹಳೆಯ ಕಡತ ತೆಗೆದರಂತೆ. ತಪ್ಪನ್ನು ತಾನಾಗಿಯೇ ಬಂದು ಹೇಳಿದ್ದಾಳೆ ಎಂದು ಬರೆದಿದ್ದನ್ನು ಓದಿ ಮುಚ್ಚಿದರಂತೆ. ನಾನು ಕೂತಲ್ಲೇ ಕಣ್ಣು ಮುಚ್ಚಿಕೊಂಡೆ.

‘ಹಂಗಾದ್ರ ನಾಳೆನ ಹೆಸರು ಸೇರ್ಸಾಕ ಅರ್ಜಿ ಕೊಡು. ಚುನಾವಣೆ ಹತ್ರ ಬಂತು’ ಎಂದೆ.

‘ಇಲ್ಲೆ ಅಕ್ಕೋರೆ. ಅತ್ತೆ ಹೆಸ್ರು ಇನ್ನೂ ಪಟ್ಟೀಲಿದ್ದು. ಶ್ರಾವಣಕ್ಕೆ ವರ್ಷಾಂತ. ಅದು ಮುಗಿದ ಮರುದಿನ ಅತ್ತೆ ಹೆಸ್ರು ತೆಗೆವ ಅರ್ಜಿ, ಯನ್ನ ಹೆಸ್ರು ಹಾಕ ಅರ್ಜಿ, ಎರಡೂ ಒಟ್ಟಿಗೇ ಕೊಡ್ತೆ. ಆನೇ ಬರೀತೆ. ಹುಟ್ಟಿದ ಊರೂ ಸರೀ ಬರೀತೆ.’

ಈ ಸಲದ ಚುನಾವಣೆ ತಪ್ಪಿಹೋಗುತ್ತದೆ. ಇಷ್ಟು ವರ್ಷ ಕಾದದ್ದು ಮತ್ತೆ ಮುಂದೆ ಹೋಗುತ್ತದೆ. ಸತ್ತವರ ಹೆಸರು ಒಂದು ದಿನವೂ ಪಟ್ಟಿಯಲ್ಲಿ ಇರಬಾರದು ಎಂದು ಹತ್ತು ಊರಿಗೆ ಹೇಳಿಕೊಂಡು ತಿರುಗಿದವಳು ನಾನು. ಆ ಕಡೆ ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

‘ಅಡ್ಡಿಲ್ಲೆ’ ಎಂದೆ.